“ಸ್ಟೆಪ್ನಿ ಕೆಳಗ ಬರವಲ್ದ್ರಿ, ಮಾಲಕ್ರ!”

ಬೆಳಗ್ಗೆಯಿಂದ ಕೂತು ನಮ್ಮ ಎರಡೂ ಪಿಕಪ್‌ಗಳ ಸ್ಟೆಪ್ನಿ, ಅಂದರೆ ಹೆಚ್ಚುವರಿ ಚಕ್ರ, ಇಳಿಸಿ, ತೊಳೆದು, ಮತ್ತೆ ಏರಿಸಿದೆವು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಗೋವಾದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ನಾಡಿದ್ದು ದೋಣಿ ಸಮುದ್ರಕ್ಕಿಳಿದರೆ ನಮಗೂ ಪುರಸೊತ್ತಿಲ್ಲ. ಬೆಳಗಾವಿಯಿಂದ ಮಾಪ್ಸಾಕ್ಕೆ ಬರುವಾಗ ಕಾಯಿಪಲ್ಲೆ, ವಾಪಸ್ ಹೋಗುವಾಗ ಮೀನಿನ ಬಾಕ್ಸು. (ತೊಳೆದೇ ತುಂಬುತ್ತೇವೆ, ಬೈಬೇಡಿ.)

ಗಾಡಿ ಇಟ್ಟುಕೊಂಡವರೆಲ್ಲ ಒಂದು ವಿಷಯದಲ್ಲಿ ಸುಳ್ಳು ಹೇಳುತ್ತೇವೆ. “ಸ್ಟೆಪ್ನಿ ಐತೇನ್ರಿ?” ಅಂದರೆ “ಐತ್ರಿ” ಅನ್ನುತ್ತೇವೆ. ಕೊನೇ ಸಲ ಅದನ್ನು ಕೆಳಗೆ ಇಳಿಸಿದ್ದು ಯಾವಾಗ ಅಂತ ಕೇಳಿದರೆ ಮಾತು ಬೇರೆ ಕಡೆ ತಿರುಗಿಸುತ್ತೇವೆ. ನಾನೂ ಹಾಗೇ ಇದ್ದೆ.

ಹೋದ ಮಳೆಗಾಲ, ಚೌತಿಗೆ ನಾಲ್ಕು ದಿನ ಇತ್ತು. ಗೋವಾದ ಮನೆಮನೆಯಲ್ಲೂ ಗಣಪತಿ. ಆ ವಾರ ಎಷ್ಟು ಕಾಯಿಪಲ್ಲೆ ತಂದರೂ ಕಡಿಮೆ. ಎಲೆಕೋಸು, ಬೀನ್ಸ್, ಮೆಣಸಿನಕಾಯಿ, ಎಲ್ಲದರ ಮೇಲೆ ಕೊತ್ತಂಬರಿ. ಆಸೆಗೆ ನಾಲ್ಕು ಚೀಲ ಜಾಸ್ತಿಯೇ ಹೇರಿಸಿದ್ದೆ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಹಿಂದಿನ ಎಡಗಡೆ ಟೈರ್ ಕೂತಿತು. ಧೋ ಅಂತ ಮಳೆ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ. ಖಾನಾಪುರ ಕಡೆಯ ನಮ್ಮ ಡ್ರೈವರ್ ಹುಡುಗ ಹಿಂದೆ ಹೋಗಿ ರಾಡ್ ತೂರಿಸಿ ತಿರುಗಿಸಿದ. ಐದು ನಿಮಿಷದ ಮೇಲೆ ಅವನ ಬಾಯಿಂದ ಬಂದದ್ದೇ ಈ ಬರಹದ ತಲೆಬರಹ.

ಪಿಕಪ್‌ಗಳ ಹೊಟ್ಟೆಯ ಕೆಳಗೆ ಸ್ಟೆಪ್ನಿ ತೂಗುವ ವ್ಯವಸ್ಥೆ ನೋಡಲು ಬಲು ಸರಳ. ಚಾಸಿಗೆ (ಗಾಡಿಯ ಉಕ್ಕಿನ ಚೌಕಟ್ಟಿಗೆ) ಒಂದು ಸಣ್ಣ ರಾಟೆ, ಅದಕ್ಕೆ ಸುತ್ತಿದ ಉಕ್ಕಿನ ವಾಯರ್, ವಾಯರಿನ ತುದಿಗೆ ಒಂದು ತಗಡಿನ ಪಟ್ಟಿ. ಪಟ್ಟಿಯನ್ನು ಚಕ್ರದ ಡಿಸ್ಕಿನ ನಡುವಿನ ತೂತಿನೊಳಗೆ ಓರೆಯಾಗಿ ತೂರಿಸಿ ಅಡ್ಡ ಕೂರಿಸಬೇಕು, ಬಾವಿಯಿಂದ ಕೊಡ ಎಳೆದ ಹಾಗೆ ರಾಡ್ ತಿರುಗಿಸಿ ಮೇಲಕ್ಕೆ ಎಳೆದುಕೊಳ್ಳಬೇಕು. ಆದರೆ ಈ ರಾಟೆ ಇರುವ ಜಾಗ ನೋಡಿ. ಹಿಂದಿನ ಚಕ್ರ ಎರಚುವ ಕೆಂಪು ರಾಡಿಯೆಲ್ಲ ಅದಕ್ಕೇ. ಮೀನಿನ ಬಾಕ್ಸಿನಿಂದ ಸೋರುವ ಉಪ್ಪು ಬೆರೆತ ಐಸ್ ನೀರು ಅದರ ತಲೆಗೇ. ಗಾಡಿ ತೊಳೆದು ಶುದ್ಧ ಮಾಡಿದೆವು ಅಂದುಕೊಳ್ಳುತ್ತೇವಲ್ಲ, ಆ ತೊಳೆದ ನೀರೂ ಹಲಗೆ ಸಂದಿಯಿಂದ ಅದರ ಮೇಲೇ. ಮಳೆಗಾಲದ ಗೋವಾದಲ್ಲಿ ಬಾಗಿಲ ಚಿಲಕವೇ ತುಕ್ಕು ಹಿಡಿಯುತ್ತೆ, ಇನ್ನು ವಾಯರ್ ಉಳಿಯುತ್ತಾ?

ಉಳಿದಿರಲಿಲ್ಲ. ರಾಟೆ, ವಾಯರ್ ಎರಡೂ ಒಂದೇ ಮುದ್ದೆ. ನಾನು ಕೆಳಗೆ ಬಗ್ಗಿ ಟೈರಿಗೆ ನಾಲ್ಕು ಸಲ ಒದ್ದೆ. ಒದೆ ಬಿದ್ದದ್ದು ನನ್ನ ಕಾಲ್ಬೆರಳಿಗೆ. ಕಡೆಗೆ ಒಬ್ಬ ಲಾರಿಯವರು ನಿಲ್ಲಿಸಿ ಹ್ಯಾಕ್ಸಾ ಕೊಟ್ಟರು. ವಾಯರ್ ಕೊಯ್ದೆವು. ಟೈರ್ ದೊಪ್ಪೆಂದು ಬಿತ್ತು, ಹೊರಗೆ ಮಾತ್ರ ಬರಲಿಲ್ಲ. ಹೇರು ಜಾಸ್ತಿ, ಒಂದು ಕಡೆ ಟೈರ್ ಬೇರೆ ಕೂತಿದೆ, ಗಾಡಿಯ ಹಿಂಭಾಗ ನೆಲಕ್ಕೆ ಹತ್ತಿರ. ಜಾಕ್ ಕೊಟ್ಟು ಒಂದಿಷ್ಟು ಎತ್ತಿ ಎಳೆದೆವು. ಎಳೆದು ನೋಡಿದರೆ ಹವಾನೇ ಇಲ್ಲ! ಟೈರಿನ ಪಕ್ಕದಲ್ಲಿ 1417 ಅಂತ ಒತ್ತಿದ್ದರು, ಅಂದರೆ 2017ರ 14ನೇ ವಾರ ತಯಾರಾದದ್ದು. ಒಂದು ಕಿಲೋಮೀಟರೂ ಓಡಿಲ್ಲ, ಆದರೂ ಬದಿಯ ರಬ್ಬರೆಲ್ಲ ಬಿರುಕು. ಕೂತಲ್ಲೇ ಮುದುಕಾಗಿತ್ತು.

ಡ್ರೈವರಿಗೆ ಬೈದೆ. ಅವನು ತಲೆ ತಗ್ಗಿಸಿಕೊಂಡೇ, “ಮಾಲಕ್ರ, ಹ್ವಾದ ವರ್ಷ ಗ್ಯಾರೇಜಿನ್ಯಾಗ ಇಳಿಸಿ ಗ್ರೀಸ್ ಹಾಕಸೂಣು ಅಂದಿದ್ದೆ. ಈಗ ಟೈಮ್ ಇಲ್ಲ ಬಿಡೋ ಅಂದವ್ರು ನೀವ ಅಲ್ರಿ?” ಅಂದ. ಹೌದು, ನಾನೇ. ಟೈರನ್ನು ಯಾರದೋ ಟೆಂಪೋದಲ್ಲಿ ಸಾಂಖಳಿಯ ಪಂಚರ್ ಅಂಗಡಿಗೆ ಒಯ್ದು ತರುವಷ್ಟರಲ್ಲಿ ಮೂರು ತಾಸು. ಕೊತ್ತಂಬರಿ ಬಿಸಿಯಾಗಿ ಕಪ್ಪಾಗಿತ್ತು. ಆ ವಾಸನೆ ಈಗಲೂ ಮೂಗಲ್ಲಿದೆ.

ನಮ್ಮ ಭಾವನೋರದು ಬೇರೆ ವಾದ. ಕೆಳಗಿನ ಉಸಾಬರಿಯೇ ಬೇಡ, ಕ್ಯಾಬಿನ್ ತಲೆ ಮೇಲೆ ಕ್ಯಾರಿಯರ್ ಮಾಡಿಸಿ ಸರಪಳಿ ಹಾಕಿ ಕಟ್ಟು ಅಂತಾರೆ. ರಾಡಿ ಇಲ್ಲ, ಉಪ್ಪು ನೀರಿಲ್ಲ, ಕಣ್ಣಿಗೂ ಕಾಣುತ್ತೆ. ಒಪ್ಪಿದೆ. ಆದರೆ ಅಷ್ಟು ಭಾರದ ಚಕ್ರವನ್ನು ಮಳೆಯಲ್ಲಿ ಒಬ್ಬನೇ ಹುಡುಗ ಆ ಎತ್ತರದಿಂದ ಇಳಿಸಿಕೊಳ್ಳಬೇಕು, ಮೇಲೇರಿಸಬೇಕು. ಸೊಂಟ ಭಾವನೋರದಲ್ಲವಲ್ಲ. ಬಿಸಿಲಿಗೆ ರಬ್ಬರ್ ಸುಡುವುದು ಬೇರೆ. ಕಂಪನಿಯವರು ಕೆಳಗೆ ಕೊಟ್ಟ ಜಾಗವೇ ಸರಿ, ನೋಡಿಕೊಳ್ಳುವ ಮಾಲೀಕನಿಗೆ ಬುದ್ಧಿ ಬೇಕು ಅನ್ನೋದು ನನ್ನ ವಾದ.

ಈಗ ನಾವು ವರ್ಷಕ್ಕೆ ಎರಡು ಸಲ ಇಳಿಸುತ್ತೇವೆ, ಮೀನು ಬಂದ್ ಇದ್ದಾಗ ಒಮ್ಮೆ, ದೀಪಾವಳಿ ಆದಮೇಲೆ ಒಮ್ಮೆ. ವಾಯರನ್ನು ಪೂರ್ತಿ ಹೊರಗೆ ಬಿಟ್ಟು ಸಿಹಿನೀರಲ್ಲಿ ತೊಳೆದು, ಒಣಗಿಸಿ, ರಾಟೆಗೆ ತುಕ್ಕು ಬಿಡಿಸುವ ಎಣ್ಣೆ, ಆಮೇಲೆ ಗ್ರೀಸ್. ಒಂದು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೂ ಹೊಸ ವಾಯರ್. ಏರಿಸುವಾಗ ಗ್ಯಾರೇಜಿನ ಹವಾ ಗನ್ (ಗಾಳಿಯ ಒತ್ತಡದಿಂದ ನಟ್ ತಿರುಗಿಸುವ ಯಂತ್ರ) ಹಚ್ಚಲು ಬಿಡುವುದಿಲ್ಲ, ರಾಟೆಯ ಹಲ್ಲು ಮುರಿಯುತ್ತೆ, ಕೈಯಿಂದಲೇ ತಿರುಗಿಸಬೇಕು. ಪಟ್ಟಿ ಸೊಟ್ಟ ಕೂತಿದ್ದರೆ ಟೈರ್ ಏರಿದಂತೆ ಕಂಡರೂ ಅಲ್ಲಾಡುತ್ತಿರುತ್ತೆ, ಅಲ್ಲಾಡಿ ಅಲ್ಲಾಡಿ ವಾಯರ್ ತಿನ್ನುತ್ತೆ. ಒಂದು ದಿನ ಅದು ಕಡಿದು ಬಿದ್ದರೆ ಹಿಂದೆ ಬೈಕಿನಲ್ಲಿ ಬರುವವನ ಗತಿ ಏನು? ಅದಕ್ಕೇ ಒಂದು ಸರಪಳಿ, ಬೀಗ ಜಾಸ್ತಿ ಹಾಕಿದ್ದೇನೆ. ಕಳ್ಳರಿಗೂ ಆಯ್ತು.

ಹವಾ ಮಾತ್ರ ಹಿಂದಿನ ಚಕ್ರಕ್ಕೆ ತುಂಬಿದ ಹೇರಿಗೆ ಹೇಳಿದಷ್ಟನ್ನೇ ಸ್ಟೆಪ್ನಿಗೂ ಹಾಕಿಸುತ್ತೇನೆ. ಜಾಸ್ತಿ ಇದ್ದರೆ ಘಾಟಿನಲ್ಲೂ ಬಿಡಬಹುದು, ಕಡಿಮೆ ಇದ್ದರೆ ಎಲ್ಲಿಂದ ತರೋಣ?

ಹುಡುಗನಿಗೂ ಒಂದು ರೂಢಿ ಕಲಿಸಿದ್ದೇನೆ. ಗಾಡಿಗೆ ಮೊದಲ ಗೇರ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ನಟ್ ಸಡಿಲ ಮಾಡಿದ ಮೇಲೆ ಜಾಕ್, ಜಾಕಿನ ಕೆಳಗೆ ಹಲಗೆ, ಇಲ್ಲಾಂದ್ರೆ ಕೆಂಪು ಮಣ್ಣಲ್ಲಿ ಹೂತುಹೋಗುತ್ತೆ. ಕಿತ್ತ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಬೇಕು. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತೆ, ಮನುಷ್ಯನ ಮೇಲಲ್ಲ.

ಅಂದಹಾಗೆ ಸ್ಟೆಪ್ನಿ ಅನ್ನೋದು ಒಂದು ಬೀದಿಯ ಹೆಸರು. ಮೊದಮೊದಲ ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇರುತ್ತಿರಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲನೆಲ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಲ್ಲಿ ಡೇವಿಸ್ ಅಣ್ಣತಮ್ಮಂದಿರು ಅದನ್ನು ಮಾಡಿ ಮಾರಿದರು. ಅಲ್ಲಿಯವರು ಈಗ ಸ್ಪೇರ್ ವೀಲ್ ಅಂತಾರೆ, ನಾವು ಮಾತ್ರ ಆ ಬೀದಿಯನ್ನು ಬಿಟ್ಟಿಲ್ಲ.

ಭಾವನೋರು ಇದನ್ನು ಓದ್ತಾರೆ ಅಂತ ಗೊತ್ತು. ಭಾವನೋರ, ಭಾನುವಾರ ಗಾಡಿ ತಗೊಂಡು ಬರ್ರಿ. ನಿಮ್ಮ ತಲೆ ಮೇಲಿನ ಸ್ಟೆಪ್ನಿ ನೀವ ಒಬ್ರ ಇಳಿಸ್ರಿ, ನಾ ಚಾ ಕುಡ್ಕೋತ ನೋಡ್ತೀನಿ.