ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ

ಹಲ್ಮಿಡಿ ಶಾಸನ ಸಾವಿರದೈನೂರು ವರ್ಷಗಳ ಮಳೆ, ಬಿಸಿಲು, ಬಹುಶಃ ಊರ ದನಗಳ ಮೈತಿಕ್ಕಾಟವನ್ನೂ ತಾಳಿಕೊಂಡು ಉಳಿದ ಕಲ್ಲು. ನಮ್ಮ ಬಡಾವಣೆಯ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದು ತಾಳಿದ್ದು ಹನ್ನೊಂದು ನಿಮಿಷ.

ನಡೆದದ್ದು ಇಷ್ಟು. ನಿವೃತ್ತ ಮೇಷ್ಟ್ರೊಬ್ಬರು ಬೆಳಗಿನ ಕಾಫಿ ಮುಗಿಸಿ, 'ಕನ್ನಡದ ಮೊದಲ ಶಾಸನವೆಂದರೆ ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಎಂದೇ ನಾನು ಪಾಠ ಮಾಡಿದ್ದೆ. ಈಗ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನವನ್ನು 370ರದು ಎನ್ನುತ್ತಿದ್ದಾರೆ. ಬಲ್ಲವರು ತಿಳಿಸಬೇಕು' ಎಂದು ಬರೆದರು. ಬಲ್ಲವರು ಯಾರೂ ಬರಲಿಲ್ಲ. ಹಾಸನ ಜಿಲ್ಲೆಯವರೊಬ್ಬರು ಬಂದು, ಇದು ಬೇಲೂರು ತಾಲ್ಲೂಕಿನ ಕಲ್ಲನ್ನು ಕೀಳುಗಳೆಯುವ ಹುನ್ನಾರ ಎಂದರು. ಶಿವಮೊಗ್ಗದವರೊಬ್ಬರು, ಎಂಬತ್ತು ವರ್ಷಗಳ ಹಿರಿತನ ಇರುವವರಿಗೆ ಹುನ್ನಾರ ಏಕೆ ಬೇಕು ಎಂದು ಕೇಳಿದರು. ಅಷ್ಟರಲ್ಲಿ ಯಾವ ಜಿಲ್ಲೆಗೂ ಸೇರದ ಮೂರನೆಯವರು, 'ತಮಿಳಿನ ಶಾಸನಗಳು ಇನ್ನೂ ಹಳೆಯವಲ್ಲವೇ?' ಎಂದುಬಿಟ್ಟರು. ಅಡ್ಮಿನ್ ಎಚ್ಚರಗೊಂಡರು. ಮೇಷ್ಟ್ರ ಪ್ರಶ್ನೆಯೂ ಸೇರಿ ಎಲ್ಲವೂ ಅಳಿಯಿತು. ಅದರ ಜಾಗದಲ್ಲಿ ಪ್ರಕಟಣೆ ಬಂತು: 'ಸಂಘದ ಸೌಹಾರ್ದದ ದೃಷ್ಟಿಯಿಂದ ಇನ್ನು ಮುಂದೆ ಈ ಗುಂಪಿನಲ್ಲಿ ಶಾಸನಗಳ ಕುರಿತ ಚರ್ಚೆಯನ್ನು ನಿಷೇಧಿಸಲಾಗಿದೆ.' ಕನ್ನಡದಲ್ಲಿ ಶಾಸನವೆಂದರೆ ಕಲ್ಲಿನ ಬರಹವೂ ಹೌದು, ಕಾನೂನೂ ಹೌದು. ಆ ಪ್ರಕಟಣೆಯಿಂದ ಎರಡರ ಮೇಲಿನ ಚರ್ಚೆಯೂ ಒಟ್ಟಿಗೇ ಮುಗಿಯಿತು.

ಈ ಗುಂಪಿನ ಹಣೆಯ ಮೇಲೆ 'ಕಸವರಮೆಂಬುದು ನೆರೆ ಸೈರಿಸಲಾರ್ಪೊಡೆ' ಎಂಬ ಕವಿರಾಜಮಾರ್ಗದ ಸಾಲಿದೆ. ಒಂಬತ್ತನೆಯ ಶತಮಾನದ ಮಾತು. ಮೇಷ್ಟ್ರು ಒಮ್ಮೆ ಪಾರ್ಕಿನಲ್ಲಿ ನಡೆಯುತ್ತ ನನಗೆ ಇದನ್ನು ಬಿಡಿಸಿ ಹೇಳಿದ್ದರು: ಕಸವರವೆಂದರೆ ಚಿನ್ನ, ಆರ್ಪೊಡೆ ಎಂದರೆ ಬಲ್ಲೆವಾದರೆ, ಪರರ ವಿಚಾರವನ್ನೂ ಪರರ ಧರ್ಮವನ್ನೂ ಚೆನ್ನಾಗಿ ಸೈರಿಸಬಲ್ಲೆವಾದರೆ ಅದೇ ನಮ್ಮ ಚಿನ್ನ. ಆ ಸಾಲಿನ ಕೆಳಗೆ, ಒಂದು ಗೆರೆಯನ್ನೂ ಬಿಡದೆ, ನಿಯಮಗಳು ಶುರುವಾಗುತ್ತವೆ.

ನಿಯಮಗಳನ್ನು ನಾನು ವೀರಗಲ್ಲುಗಳಂತೆ ಓದುತ್ತೇನೆ. ಯಾವ ಕಾಳಗದಲ್ಲಿ ಯಾರು ಬಿದ್ದರು ಎಂಬುದಕ್ಕೆ ಒಂದೊಂದೂ ಸಾಕ್ಷಿ. 'ರಾಜಕೀಯ ಬೇಡ', 'ಜಾತಿ ಬೇಡ', 'ಸಿನಿಮಾ ನಟರ ಹೋಲಿಕೆ ಬೇಡ' ಎಂಬ ಹಳೆಯ ಕಲ್ಲುಗಳನ್ನು ಬಿಡಿ, ಅವು ಎಲ್ಲ ಊರಲ್ಲೂ ಇವೆ. 'ಊಟದ ವಿಷಯ ಬೇಡ' ಎಂಬುದು 2024ರ ಡಿಸೆಂಬರ್‌ನದು. ಮಂಡ್ಯದ ಸಾಹಿತ್ಯ ಸಮ್ಮೇಳನದ ಸೂಚನೆಯೊಂದು ಮಾಂಸಾಹಾರವನ್ನು ಮದ್ಯ ಮತ್ತು ತಂಬಾಕಿನ ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಅಲ್ಲಿ ಬಾಡೂಟದ ಬೇಡಿಕೆ ಎದ್ದಿತಷ್ಟೇ. ಅದರ ಹೊಗೆ ನಮ್ಮ ಗುಂಪಿಗೂ ಬಂದು, ಯುಗಾದಿಯ ಹೋಳಿಗೆಯ ಚಿತ್ರವನ್ನೂ ಹಾಕಬಾರದು ಎಂಬಲ್ಲಿಗೆ ಮುಟ್ಟಿತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮಹಾಪ್ರಾಣದ ಕಲ್ಲು. ಮಹಾಪ್ರಾಣಗಳನ್ನು ಕೈಬಿಡುವ, ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಹೊಸಬರಹವನ್ನು ಮೆಚ್ಚಿದ ಹುಡುಗನೊಬ್ಬ 'ಬಾಶೆ' ಎಂದು ಬರೆಯುತ್ತಿದ್ದ. ಇದು ಭಾಷೆಯ ಕೊಲೆ ಎಂದು ಹಿರಿಯರು ಎದ್ದರು. ಮಹಾಪ್ರಾಣಗಳ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಬರೆಯಕೂಡದು ಎಂದು ನಿಯಮವಾಯಿತು. ಹುಡುಗ, 'ನಾನು ಪರವೂ ಬರೆದಿಲ್ಲ, ವಿರುದ್ದವೂ ಬರೆದಿಲ್ಲ, ಸುಮ್ಮನೆ ಬರೆದಿದ್ದೇನೆ' ಎಂದ. ಆ 'ವಿರುದ್ದ'ದಲ್ಲಿ ಒಂದು ಮಹಾಪ್ರಾಣ ಕಡಿಮೆಯಿದ್ದುದನ್ನು ಯಾರೋ ತೋರಿಸಿಕೊಟ್ಟರು. ಅಲ್ಪಪ್ರಾಣದ ತಪ್ಪಿಗೆ ಅವನ ಸದಸ್ಯತ್ವದ ಪ್ರಾಣವೇ ಹೋಯಿತು.

ಇಷ್ಟೆಲ್ಲ ಕಳೆದ ಮೇಲೆ ಸಾಂಸ್ಕೃತಿಕ ಗುಂಪಿನಲ್ಲಿ ಉಳಿದದ್ದೇನು? ಗುಲಾಬಿ ಹೂವಿನ ಶುಭೋದಯ, ಹುಟ್ಟುಹಬ್ಬದ ಕೇಕು, ಓಂ ಶಾಂತಿ. ಮತ್ತು ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನಲ್ಲೇ ಅತ್ಯುತ್ತಮವೆಂದು ಯುನೆಸ್ಕೊ ಈಗಷ್ಟೇ ಘೋಷಿಸಿದೆ ಎಂಬ, ವರ್ಷಕ್ಕೆರಡು ಬಾರಿ ಹಬ್ಬದಂತೆ ಬರುವ ಫಾರ್ವರ್ಡ್. ಮಹಿಳಾ ಸದಸ್ಯರೊಬ್ಬರು, ತಾನು ಹಾಗೆ ಘೋಷಿಸಿಲ್ಲ ಎಂದು ಯುನೆಸ್ಕೊವೇ 2008ರಲ್ಲಿ ಹೇಳಿದೆ ಎಂದು ಬರೆದರು. ಅವರ ಸಂದೇಶವನ್ನು ಅಳಿಸಲಾಯಿತು. ಫಾರ್ವರ್ಡ್ ಹಾಗೇ ಉಳಿಯಿತು. ಕಾರಣ ಕೇಳಿದರೆ ಅಡ್ಮಿನ್ ಅವರ ಉತ್ತರ ನೇರವಾಗಿತ್ತು: 'ಅದನ್ನು ಹಾಕಿದಾಗ ಯಾರೂ ಜಗಳ ಮಾಡಲಿಲ್ಲ ಮೇಡಂ. ನೀವು ಬರೆದ ಮೇಲೆ ಶುರುವಾಯಿತು.' ಸುಳ್ಳು ಶಾಂತಿಪ್ರಿಯವಾದದ್ದು. ನಿಜಕ್ಕೆ ನಾಲ್ಕು ಜನರ ನಡುವೆ ಹೇಗಿರಬೇಕು ಎಂಬ ಶಿಸ್ತಿಲ್ಲ.

ಪಕ್ಷಪಾತದ ದೂರು ಎದ್ದಾಗ ಅಡ್ಮಿನ್ ಸಮತೋಲನ ಸಮಿತಿ ರಚಿಸಿದರು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿಗೆ ಲೆಕ್ಕದ ಹೊಣೆ. ಈ ಕಡೆಯ ಎಷ್ಟು ಸಂದೇಶ ಅಳಿಸಿದರೆ ಆ ಕಡೆಯದೂ ಅಷ್ಟೇ ಅಳಿಸಬೇಕು. ಜಮೆ, ಖರ್ಚು, ಸಂಜೆಗೆ ಶಿಲ್ಕು. ಒಂದು ದಿನ ಯುವತಿಯೊಬ್ಬಳು ತನ್ನ ಮೊದಲ ಕವಿತೆಯನ್ನು ಹಾಕಿದಳು. ಒಬ್ಬ ಮಹನೀಯರು ಕವಿತೆಯನ್ನು ಬಿಟ್ಟು ಅವಳ ಮೇಲೆಯೇ ಬರೆದರು, ಇಲ್ಲಿ ಎತ್ತಿ ಹೇಳಲಾಗದ ಮಾತಿನಲ್ಲಿ. ಸಮಿತಿ ತಡಮಾಡಲಿಲ್ಲ, ಬೈಗುಳವನ್ನು ಅಳಿಸಿತು. ಸಂಜೆ ಪುಸ್ತಕ ತೆಗೆದು ನೋಡಿದರೆ ಆ ಬದಿಯಲ್ಲಿ ಒಂದು, ಈ ಬದಿಯಲ್ಲಿ ಸೊನ್ನೆ. ಕವಿತೆಯನ್ನೂ ಅಳಿಸಿದರು. ಲೆಕ್ಕ ತಾಳೆಯಾಯಿತು.

ಅಡ್ಮಿನ್ ಅವರನ್ನು ಪೂರ್ತಿ ದೂರುವುದೂ ತಪ್ಪು. ಅವರಿಗೆ ಭಯವಿದೆ, ಭಯಕ್ಕೆ ಕಾರಣವೂ ಇದೆ. 2017ರಲ್ಲಿ ಉತ್ತರ ಕನ್ನಡದಲ್ಲಿ ಪ್ರಧಾನಿಯವರ ಕುರಿತ ಚಿತ್ರವೊಂದಕ್ಕಾಗಿ ಗುಂಪಿನ ಅಡ್ಮಿನ್‌ನನ್ನೇ ಪೊಲೀಸರು ಬಂಧಿಸಿದ್ದ ಸುದ್ದಿಯನ್ನು ಅವರು ಕತ್ತರಿಸಿ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿರುವ ವಕೀಲರೊಬ್ಬರು, ಆನ್‌ಲೈನಿನಲ್ಲಿ ಬರೆದದ್ದಕ್ಕೆ ಬಂಧಿಸಲು ಬಳಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ ಎಂದರು. ಸದಸ್ಯರು ಬರೆದದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ ಎಂದರು. ಅಡ್ಮಿನ್ ಎಲ್ಲವನ್ನೂ ಕೇಳಿ, 'ಸರ್, ಆ ಕೋರ್ಟುಗಳು ಮುಂಬೈಯಲ್ಲಿವೆ, ಕೊಚ್ಚಿಯಲ್ಲಿವೆ. ಪೊಲೀಸ್ ಠಾಣೆ ನಮ್ಮ ಸರ್ಕಲ್ಲಿನಲ್ಲೇ ಇದೆ' ಎಂದರು. ವಕೀಲರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸಂವಿಧಾನವನ್ನೂ ನಮ್ಮವರು ಹಂಚಿಕೊಂಡು ಓದುತ್ತಾರೆ: ಮಾತಾಡುವ ಚಟದವರು 19ನೆಯ ವಿಧಿಯನ್ನು ವಾಕ್ ಸ್ವಾತಂತ್ರ್ಯ ಕೊಡುವ ಒಂದನೆಯ ಉಪವಿಧಿಗೇ ಮುಚ್ಚಿಡುತ್ತಾರೆ, ಅಡ್ಮಿನ್ ಅದಕ್ಕೆ ನಿರ್ಬಂಧ ಹೇಳುವ ಎರಡನೆಯದರಿಂದ ಓದಲು ಶುರು ಮಾಡುತ್ತಾರೆ.

ಕೊನೆಗೆ ಬಂಡಾಯವಾಯಿತು. ಸ್ವಾತಂತ್ರ್ಯಪ್ರೇಮಿಗಳು ಯಾವ ನಿಯಮವೂ ಇಲ್ಲದ ಬೇರೆ ಗುಂಪು ಕಟ್ಟಿದರು, ಅದರ ಹೆಸರಿನಲ್ಲಿ 'ಮುಕ್ತ' ಎಂಬ ಪದವಿತ್ತು. ನಾನೂ ಹೋದೆ. ಮೊದಲ ದಿನ ತಾಳಗುಂದದ ಚರ್ಚೆ ನಿಜಕ್ಕೂ ಚೆನ್ನಾಗಿ ನಡೆಯಿತು. ಎರಡನೆಯ ದಿನ, ಆಧಾರವಿಲ್ಲದೆ ಹತ್ತು ನಿಮಿಷದಲ್ಲಿ ಸಾಲ ಕೊಡುವವರು ಬಂದರು. ಮೂರನೆಯ ದಿನ ಷೇರು ಮಾರುಕಟ್ಟೆಯ ಗುರುಗಳು. ನಾಲ್ಕನೆಯ ದಿನ ಹಾಸನ, ಶಿವಮೊಗ್ಗಗಳು ಶಾಸನ ಬಿಟ್ಟು ಪರಸ್ಪರರ ಮನೆಯ ಹೆಂಗಸರಿಗೆ ಇಳಿದವು. ಗುಂಪಿನ ಹೆಂಗಸರು ಒಬ್ಬೊಬ್ಬರೇ ಸದ್ದಿಲ್ಲದೆ ಹೊರಟರು, ಕವಿತೆಯ ಹುಡುಗಿ ಎಲ್ಲರಿಗಿಂತ ಮೊದಲು. ನೋಡಿದಿರಾ, ನಾವು ಯಾರನ್ನೂ ಹೊರಹಾಕಿಲ್ಲ, ಅವರಾಗಿಯೇ ಹೋದರು ಎಂದು ಗುಂಪಿನ ಸ್ಥಾಪಕರು ಹೆಮ್ಮೆಪಟ್ಟರು. ಹೆಮ್ಮೆಪಡುವ ವಿಷಯವೇ ಇದು ಎಂದು ಮೇಷ್ಟ್ರು ಕೇಳಿದರು. ಮುಕ್ತ ಗುಂಪಿನಿಂದ ಹೊರಹಾಕಲ್ಪಟ್ಟ ಮೊದಲ ಮತ್ತು ಏಕೈಕ ಸದಸ್ಯ ಎಂಬ ಗೌರವ ಈಗ ಅವರದು.

ಇದನ್ನೆಲ್ಲ ಕುಂದಾಪುರ ಕಡೆಯ ಗೆಳೆಯರಿಗೆ ಹೇಳಿದಾಗ ಅವರು ನಕ್ಕರು. 'ನಮ್ಮ ತಾಳಮದ್ದಳೆ ನೋಡಿದ್ದೀರಾ? ವೇಷವಿಲ್ಲದೆ ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಪಾತ್ರವಾಗಿ ಮಾತಾಡುವ ಯಕ್ಷಗಾನ. ಕೃಷ್ಣ ಸಂಧಾನ ಪ್ರಸಂಗದಲ್ಲಿ ಕೌರವನ ಅರ್ಥ ಹೇಳುವವರು ಒಳ್ಳೆಯ ಮಾತುಗಾರರಾದರೆ ಸಾಕ್ಷಾತ್ ಕೃಷ್ಣನೇ ಉತ್ತರಕ್ಕೆ ತಡವರಿಸುತ್ತಾನೆ. ಯಾರೂ ಚಪ್ಪರಕ್ಕೆ ಬೆಂಕಿ ಹಚ್ಚುವುದಿಲ್ಲ. ವಾಲಿ ರಾಮನನ್ನು, ಮರೆಯಲ್ಲಿ ನಿಂತು ಬಾಣ ಬಿಟ್ಟವನೇ ಎಂದು ಮುಖದ ಮೇಲೆ ಕೇಳುತ್ತಾನೆ. ಕೇಳಿದ್ದು ಚೆನ್ನಾಗಿದ್ದರೆ ಆಸ್ತಿಕರೇ ತಲೆದೂಗುತ್ತಾರೆ. ಇವತ್ತು ವಾಲಿಯಾದವರು ನಾಳೆ ರಾಮನಾಗುವವರು.'

ಮಾತು ಹಳಿ ತಪ್ಪಿದರೆ? 'ಭಾಗವತರಿದ್ದಾರಲ್ಲ, ನಡುವೆಯೇ ಕುಳಿತಿರುತ್ತಾರೆ. ಅರ್ಥಧಾರಿ ಅತಿಯಾಗಿ ಎಳೆದರೆ ತಾಳ ಹಿಡಿದು ಮುಂದಿನ ಪದ್ಯ ಎತ್ತುತ್ತಾರೆ, ಅಷ್ಟೇ. ಅರ್ಥಧಾರಿಯನ್ನು ಕುತ್ತಿಗೆ ಹಿಡಿದು ಹೊರಗೆ ಹಾಕುವುದಿಲ್ಲ, ಆಡಿದ ಮಾತನ್ನು ಆಡಿಲ್ಲ ಎನ್ನುವುದೂ ಇಲ್ಲ.'

ಇದು ನನಗೆ ಬಹಳ ಹಿಡಿಸಿತು. ಹಳೆಯ ಗುಂಪಿಗೆ ಮರಳಿ, ಅಡ್ಮಿನ್ ಅವರು ಭಾಗವತರಂತಿರಬೇಕು, ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಎದುರು ಪಕ್ಷದ ಪರವಾಗಿ ವಾದಿಸಬೇಕು ಎಂದು ಸಲಹೆ ಬರೆದೆ. ಹಾಸನದವರು ತಾಳಗುಂದದ ಪರ, ಶಿವಮೊಗ್ಗದವರು ಹಲ್ಮಿಡಿಯ ಪರ. ಬಯಲುಸೀಮೆಯ ಒಬ್ಬರು, ಕರಾವಳಿಯ ಕಲೆಯನ್ನೇ ಏಕೆ ಮಾದರಿ ಮಾಡಬೇಕು, ನಮ್ಮಲ್ಲಿ ಮೂಡಲಪಾಯ ಇಲ್ಲವೇ ಎಂದರು. ತೆಂಕುತಿಟ್ಟಿನ ಭಾಗವತರೋ ಬಡಗುತಿಟ್ಟಿನವರೋ ಎಂದು ಇನ್ನೊಬ್ಬರು ಕೇಳಿದರು. ಆ ದಿನವೇ ಯಕ್ಷಗಾನದ ವೀರಗಲ್ಲು ನಿಂತಿತು. ಸಾಲದ್ದಕ್ಕೆ, 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು' ಎಂಬ ಗುಂಡಿಯನ್ನೂ ಅಡ್ಮಿನ್ ಒತ್ತಿದರು. 2018ರಿಂದ ಇರುವ ಸೌಲಭ್ಯ. ಇಷ್ಟು ದಿನ ಅದನ್ನು ಬಳಸದೆ ಅವರು ತೋರಿದ ಸಂಯಮವನ್ನು ಯಾರೂ ಗುರುತಿಸಿರಲಿಲ್ಲ.

ಈಗ ಗುಂಪು ನಿಶ್ಶಬ್ದವಾಗಿದೆ. ಮೊನ್ನೆ ರಾಜ್ಯೋತ್ಸವದ ಆಮಂತ್ರಣ ಬಂತು. ಧ್ವಜಾರೋಹಣ, ನಾಡಗೀತೆ, ಉಪಾಹಾರ, ನಂತರ 'ಕನ್ನಡ ಪರಂಪರೆಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯ' ಕುರಿತು ಅಡ್ಮಿನ್ ಅವರಿಂದ ಉಪನ್ಯಾಸ. ಜೊತೆಗೆ ವೃತ್ತದಲ್ಲಿ ಕಟ್ಟಲು ಮುದ್ರಣಕ್ಕೆ ಹೋಗಲಿರುವ ಇಪ್ಪತ್ತು ಅಡಿ ಫ್ಲೆಕ್ಸಿನ ಮಾದರಿ. ಅದರ ನೆತ್ತಿಯ ಮೇಲೆ, ಹಳದಿ ಕೆಂಪು ಅಕ್ಷರಗಳಲ್ಲಿ, ಸಂಘದ ಧ್ಯೇಯವಾಕ್ಯ: 'ಕಸವರಮೆಂಬುದು ನೆರೆ ಸೈರಿಸಲಾರದೊಡೆ'.

ಆರ್ಪೊಡೆ ಹೋಗಿ ಆರದೊಡೆ ಆಗಿದೆ. ಸೈರಿಸಲಾಗದಿದ್ದರೆ ಅದೇ ಚಿನ್ನ. ತಿದ್ದಬೇಕೆಂದು ಮೊಬೈಲ್ ಎತ್ತಿಕೊಂಡೆ. ಬರೆಯುವ ಜಾಗವೇ ಇರಲಿಲ್ಲ. ಮೇಷ್ಟ್ರು ಮನೆಯಿಂದ ಫೋನ್ ಮಾಡಿದರು, 'ನೋಡಿದಿರಾ?' ಎಂದರು. ನೋಡಿದೆ ಎಂದೆ. ಅಷ್ಟು ಹೊತ್ತಿಗೆ ಅದರ ಕೆಳಗೆ ಐವತ್ತೆರಡು ಮಂದಿ ಹೆಬ್ಬೆರಳು ಎತ್ತಿದ್ದರು.