ಅಭಿಮಾನಿ ವಿಕಿಯಲ್ಲಿ ತಿದ್ದುವ ಹಕ್ಕು ಹಂತ ಹಂತವಾಗಿ ಸಿಗಬೇಕೇ?

ಹಳೆಯ ಕನ್ನಡ ಚಿತ್ರಗಳ ಹಾಸ್ಯನಟರಿಗಾಗಿ ತುಮಕೂರು ಜಿಲ್ಲೆಯ ಅಭಿಮಾನಿಗಳು ಸೇರಿ ಕಟ್ಟುತ್ತಿರುವ ವಿಕಿಯಲ್ಲಿ (ಓದುಗರೇ ಬರೆದು ತಿದ್ದುವ ಜಾಲತಾಣ) ಈಗ ಖಾತೆ ಇಲ್ಲದವರೂ ಯಾವ ಪುಟವನ್ನಾದರೂ ತಿದ್ದಬಹುದು. ಇದನ್ನು ಬದಲಿಸಿ ಸದಸ್ಯರ ಅನುಭವ ನೋಡಿ ಹಕ್ಕು ಕೊಡಬೇಕೆಂಬ ಸಲಹೆ ಬಂದಿದೆ. ಬಳಗದ ಇಬ್ಬರ ವಾದ ಇಲ್ಲಿದೆ.

ಪರ: ಮೆಟ್ಟಿಲು ಇರಲಿ, ಹತ್ತಿ ಬರಲಿ

(ಲೇಖಕಿ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ)

ನಮ್ಮ ವಿಕಿಗೆ ಮೆಟ್ಟಿಲುಗಳು ಬೇಕು. ಖಾತೆ ಇಲ್ಲದವರು ಓದಲಿ, ತಪ್ಪು ಕಂಡರೆ ಚರ್ಚೆ ಪುಟದಲ್ಲಿ ಬರೆಯಲಿ. ಖಾತೆ ತೆರೆದವರು ಸಾಮಾನ್ಯ ಪುಟಗಳನ್ನು ತಿದ್ದಲಿ. ನಾಲ್ಕು ದಿನ ಮತ್ತು ಹತ್ತು ತಿದ್ದುಪಡಿ ದಾಟಿದವರು ಚಿತ್ರ ಏರಿಸಲಿ, ಪುಟದ ಹೆಸರು ಬದಲಿಸಲಿ, ನಟರ ಮುಖ್ಯ ಪುಟಗಳಿಗೆ ಕೈ ಹಾಕಲಿ. ನಂಬಿಕೆ ಗಳಿಸಿದವರಿಗೆ ರೋಲ್‌ಬ್ಯಾಕ್ ಕೊಡೋಣ. ಒಬ್ಬನು ಸಾಲಾಗಿ ಮಾಡಿದ ಕಿತಾಪತಿಯನ್ನು ಅವರು ಒಂದೇ ಒತ್ತಿಗೆ ಹಿಂದಕ್ಕೆ ತರಬಲ್ಲರು. ಅದರ ಮೇಲೆ ಪುಟ ಅಳಿಸುವ, ಎಲ್ಲರೂ ತಿದ್ದದಂತೆ ಪುಟಕ್ಕೆ ರಕ್ಷಣೆ ಹಾಕುವ, ಕಿಡಿಗೇಡಿಗಳನ್ನು ತಡೆಯುವ ನಿರ್ವಾಹಕರು. ಎಲ್ಲಕ್ಕೂ ಮೇಲೆ, ನಿರ್ವಾಹಕರನ್ನು ನೇಮಿಸುವ ಬ್ಯೂರೋಕ್ರಾಟ್ ಒಬ್ಬರೋ ಇಬ್ಬರೋ.

ಇದರಲ್ಲಿ ನಾನು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ. ನಾಲ್ಕು ದಿನ, ಹತ್ತು ತಿದ್ದುಪಡಿ ಎಂಬುದು ಇಂಗ್ಲಿಷ್ ವಿಕಿಪೀಡಿಯ ಬಹಳ ಕಾಲದಿಂದ ಪಾಲಿಸುತ್ತಿರುವ ಅಳತೆ. ಅಭಿಮಾನಿ ವಿಕಿಗಳ ದೊಡ್ಡ ತಾಣವಾದ ಫ್ಯಾಂಡಮ್ ಕೂಡ ಹೊಸಬರನ್ನು ನಾಲ್ಕು ದಿನ ಕಾಯಿಸಿಯೇ ಕೆಲವು ಹಕ್ಕುಗಳನ್ನು ಕೊಡುತ್ತದೆ. ಪೋರ್ಚುಗೀಸ್ ವಿಕಿಪೀಡಿಯದವರು 2020ರಲ್ಲಿ ಇನ್ನೂ ಮುಂದೆ ಹೋಗಿ, ಖಾತೆ ಇಲ್ಲದೆ ಲೇಖನ ತಿದ್ದುವುದನ್ನೇ ನಿಲ್ಲಿಸಿದರು. ಅಲ್ಲಿ ವಿಕಿ ಮುಚ್ಚಿಹೋಗಲಿಲ್ಲ.

ಮುಕ್ತವಾಗಿ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಜಗತ್ತು ಕಂಡಿದೆ. 2005ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಬಗೆಗಿನ ಇಂಗ್ಲಿಷ್ ವಿಕಿಪೀಡಿಯ ಪುಟದಲ್ಲಿ ಅನಾಮಿಕನೊಬ್ಬ, ಕೆನಡಿ ಸಹೋದರರ ಹತ್ಯೆಯಲ್ಲಿ ಇವರ ಮೇಲೂ ಶಂಕೆ ಇತ್ತು ಎಂದು ಬರೆದ. ಆ ಹಸಿ ಸುಳ್ಳು ತಿಂಗಳುಗಟ್ಟಲೆ ಹಾಗೆಯೇ ಉಳಿಯಿತು. ಆ ಗದ್ದಲದ ನಂತರ, ಅದೇ ವರ್ಷದ ಡಿಸೆಂಬರಿನಲ್ಲಿ, ಖಾತೆ ಇಲ್ಲದವರು ಹೊಸ ಪುಟ ತೆರೆಯುವುದನ್ನು ಇಂಗ್ಲಿಷ್ ವಿಕಿಪೀಡಿಯ ನಿಲ್ಲಿಸಿತು. ಸಾವಿರಾರು ಜನ ಕಾಯುವ ಕಡೆಯೇ ಈ ಗತಿಯಾದರೆ, ಸಂಜೆ ಕೆಲಸ ಮುಗಿಸಿ ಬಂದು ‘ಇತ್ತೀಚಿನ ಬದಲಾವಣೆಗಳು’ ಪುಟ ತೆರೆಯುವ ನಮ್ಮಂಥ ನಾಲ್ಕೈದು ಜನರ ವಿಕಿಯ ಗತಿಯೇನು?

ನನ್ನ ಮಾತಿಗೆ ಕಾರಣ ಪುಸ್ತಕದಲ್ಲಿಲ್ಲ, ನನ್ನ ಮನೆಯಲ್ಲಿಯೇ ಇದೆ. ಹಾಸ್ಯನಟ ನರಸಿಂಹರಾಜು ಹುಟ್ಟಿದ್ದು 1923ರಲ್ಲಿ, ತಿಪಟೂರಿನಲ್ಲಿ. ನಾಟಕ ಕಂಪನಿಗಳಲ್ಲಿ ಬೆಳೆದು, 1954ರಲ್ಲಿ ರಾಜ್‌ಕುಮಾರ್ ಮೊದಲ ಬಾರಿಗೆ ನಾಯಕರಾದ ಚಿತ್ರದಲ್ಲಿಯೇ ತಾವೂ ತೆರೆಗೆ ಬಂದವರು ಅವರು. ನಮ್ಮ ಊರಿನ ಹಿರಿಯರು ಈಗಲೂ ಆ ಹೆಸರು ಹೇಳುವಾಗ ಕುಳಿತಲ್ಲೇ ಸ್ವಲ್ಪ ನೆಟ್ಟಗಾಗುತ್ತಾರೆ. ಒಂದು ರಾತ್ರಿ ಯಾರೋ ಖಾತೆಯಿಲ್ಲದೆ ಬಂದು ಅವರ ಪುಟದಲ್ಲಿ ಹುಟ್ಟಿದ ಊರನ್ನು ಬದಲಿಸಿದರು. ಬೈಗುಳವಾಗಿದ್ದರೆ ಬೆಳಿಗ್ಗೆಯೇ ಕಣ್ಣಿಗೆ ಬೀಳುತ್ತಿತ್ತು. ಒಂದು ಊರಿನ ಹೆಸರಿನ ಜಾಗದಲ್ಲಿ ಇನ್ನೊಂದು ಊರಿನ ಹೆಸರು ಅಷ್ಟೇ. ಅಚ್ಚುಕಟ್ಟಾಗಿ, ಕಾಗುಣಿತದ ತಪ್ಪಿಲ್ಲದೆ. ಯಾರಿಗೂ ತಿಳಿಯಲಿಲ್ಲ.

ಅದೇ ವಾರ ನಮ್ಮ ಊರಿನ ಶಾಲೆಯೊಂದರಲ್ಲಿ ರಾಜ್ಯೋತ್ಸವದ ರಸಪ್ರಶ್ನೆ. ಪ್ರಶ್ನೆ ಸಿದ್ಧಪಡಿಸಿದವರು ನಮ್ಮ ಪುಟ ನೋಡಿಯೇ ಉತ್ತರದ ಹಾಳೆ ಬರೆದಿದ್ದರು. ನನ್ನ ತಂಗಿಯ ಮಗಳು ಏಳನೇ ತರಗತಿ. ಹಾಸ್ಯ ಚಕ್ರವರ್ತಿ ಹುಟ್ಟಿದ ಊರು ಯಾವುದು ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ “ತಿಪಟೂರು” ಎಂದಳು. ತಪ್ಪು ಎಂದರು. ಅವಳು ಕೂರಲಿಲ್ಲವಂತೆ, “ನಮ್ಮ ದೊಡ್ಡಮ್ಮ ಬರೆದಿದ್ದಾರೆ” ಎಂದು ಇನ್ನೊಮ್ಮೆ ಹೇಳಿದಳು. ಮೊಬೈಲ್ ತೆಗೆದು ಆ ಪುಟವನ್ನೇ ತೋರಿಸಿದರು. ನಾನು ಬರೆದ ಪುಟ, ನನ್ನದಲ್ಲದ ಊರು. ಸಂಜೆ ಮನೆಗೆ ಬಂದವಳು ಬ್ಯಾಗ್ ಕೂಡ ಇಳಿಸದೆ, “ದೊಡ್ಡಮ್ಮ, ನೀನು ಯಾಕೆ ಸುಳ್ಳು ಬರೆದೆ?” ಎಂದು ಕೇಳಿದಳು.

ಆ ರಾತ್ರಿ ನಾನು ‘ಇತಿಹಾಸ ನೋಡಿ’ ಒತ್ತಿ ಒಂದೊಂದೇ ಸಾಲು ನೋಡಿದೆ. ಖಾತೆ ಇಲ್ಲದವರ ಹೆಸರಿನ ಜಾಗದಲ್ಲಿ ಕಾಣುವ ಅದೇ ಐಪಿ ವಿಳಾಸದಿಂದ ಬಾಲಕೃಷ್ಣ ಅವರ ಪುಟದಲ್ಲಿ ವರ್ಷ ಬದಲಾಗಿತ್ತು, ಇನ್ನೊಂದು ಪುಟದಲ್ಲಿ ಚಿತ್ರಗಳ ಪಟ್ಟಿ ಅರ್ಧ ಮಾಯವಾಗಿತ್ತು. ಎಲ್ಲವನ್ನೂ ಸರಿಪಡಿಸಿದೆ. ಸರಿಪಡಿಸಿದ ಪುಟವನ್ನು ಮರುದಿನ ಆ ಶಾಲೆಗೆ ಒಯ್ದು ತೋರಿಸಿದಾಗ ಅವರು ಹೇಳಿದ್ದು: “ಮೇಡಂ, ಇದನ್ನು ನೀವು ಈಗ ತಾನೇ ಬದಲಿಸಿದ್ದೀರಿ.”

ಇದಕ್ಕೆ ಏನೆಂದು ಉತ್ತರಿಸಲಿ? ಪುಟದ ಹಳೆಯ ಆವೃತ್ತಿಗಳೆಲ್ಲ ಉಳಿದಿರುತ್ತವೆ, ಯಾವಾಗ ಬೇಕಾದರೂ ಹಿಂದಕ್ಕೆ ತರಬಹುದು ಎಂದು ಮುಕ್ತ ವಿಕಿಯ ಪರ ಇರುವವರು ಹೇಳುತ್ತಲೇ ಇರುತ್ತಾರೆ. ಪುಟ ಹಿಂದಕ್ಕೆ ಬರುತ್ತದೆ. ಆ ಹುಡುಗಿಯ ಅಂಕ ಬರುವುದಿಲ್ಲ, ನಮ್ಮ ವಿಕಿಯ ಮೇಲೆ ಆ ಶಾಲೆಯವರು ಇಟ್ಟಿದ್ದ ನಂಬಿಕೆಯೂ ಬರುವುದಿಲ್ಲ. ತಿದ್ದಲು ಹತ್ತು ಸೆಕೆಂಡು ಸಾಕು, ಪತ್ತೆ ಹಚ್ಚಲು ಒಬ್ಬರ ಇಡೀ ಸಂಜೆ ಬೇಕು. ಈ ಲೆಕ್ಕ ಎಂದೂ ಸರಿದೂಗುವುದಿಲ್ಲ.

ನಾನು ಕೆಲಸ ಮಾಡುವ ಮಾರುಕಟ್ಟೆಯ ಅಂಗಳಕ್ಕೆ ಯಾರು ಬೇಕಾದರೂ ಬರಬಹುದು, ಕೊಬ್ಬರಿ ಮುಟ್ಟಿ ನೋಡಬಹುದು, ಬೆಲೆ ಕೇಳಬಹುದು. ತಕ್ಕಡಿಗೆ ಕೈ ಹಾಕುವಂತಿಲ್ಲ. ಅದರಿಂದ ರೈತರಿಗೆ ಅವಮಾನವಾಯಿತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಮೆಟ್ಟಿಲು ಮಾಡಿದರೆ ಹೊಸಬರು ಬರುವುದಿಲ್ಲವಂತೆ. ನಾಲ್ಕು ದಿನ ಕಾಯಲಾರದವರಿಗೆ ನರಸಿಂಹರಾಜು ಅವರ ಮೇಲೆ ಇರುವುದು ಎಂಥ ಅಭಿಮಾನ? ಅಂಥವರು ಬಾರದಿದ್ದರೆ ನಮಗೆ ನಷ್ಟವೇನೂ ಇಲ್ಲ. ನಿಜವಾದ ಅಭಿಮಾನಿ ಖಾತೆ ತೆರೆಯುತ್ತಾನೆ, ಮೊದಲು ಸಣ್ಣ ಪುಟಗಳಲ್ಲಿ ಕಾಗುಣಿತ ತಿದ್ದುತ್ತಾನೆ, ಆಮೇಲೆ ದೊಡ್ಡ ಪುಟಕ್ಕೆ ಬರುತ್ತಾನೆ. ಮುಂದಿನ ಸಭೆಯಲ್ಲಿ ನಟರ ಮುಖ್ಯ ಪುಟಗಳಿಗಾದರೂ ರಕ್ಷಣೆ ಹಾಕೋಣ ಎಂದು ನಾನು ಕೇಳಲಿದ್ದೇನೆ. ಅದರಲ್ಲಿ ಮೊದಲನೆಯದು ನರಸಿಂಹರಾಜು ಅವರ ಪುಟವಾಗಿರಬೇಕು.

ವಿರೋಧ: ಬರೆಯುವವರೇ ಇಲ್ಲದ ಕಡೆ ಕಾವಲೇಕೆ?

(ಲೇಖಕರು ಗುಬ್ಬಿ ತಾಲ್ಲೂಕಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕರು)

ವಿರೋಧದ ಕಡೆಯಿಂದ ಬರೆಯಲು ಬಳಗದವರು ನನ್ನನ್ನು ಕೇಳಿದ್ದಾರೆ. ನಿರ್ವಾಹಕರೇ ಬೇಡ ಎನ್ನುವವನು ನಾನಲ್ಲ. ಪುಟ ಅಳಿಸುವ, ಸದಸ್ಯರನ್ನು ತಡೆಯುವ ಅಧಿಕಾರ ಕೆಲವರ ಕೈಯಲ್ಲಿಯೇ ಇರಬೇಕು. ಆದರೆ ತಿದ್ದುವ ಹಕ್ಕಿಗೇ ಮೆಟ್ಟಿಲು ಕಟ್ಟುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ತಿಪಟೂರಿನ ಮೇಡಂ ಅವರ ಲೇಖನ ಓದಿದೆ. ಆ ಮಗುವಿಗೆ ಆದದ್ದು ಅನ್ಯಾಯವೇ. ಆದರೆ ಒಂದೇ ಕಡೆ ನೋಡಿ ಉತ್ತರ ಬರೆದುಕೊಂಡದ್ದು ರಸಪ್ರಶ್ನೆ ನಡೆಸಿದವರ ತಪ್ಪು. ಅದಕ್ಕಾಗಿ ವಿಕಿಯ ಬಾಗಿಲಿಗೆ ಪೊಲೀಸರನ್ನು ನಿಲ್ಲಿಸಿ, ಬಂದವರ ಗುರುತಿನ ಚೀಟಿ ಕೇಳುವುದು ಸರಿಯಲ್ಲ.

1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದದ್ದೇ ಓದುವವನು ಅಲ್ಲಿಯೇ ತಿದ್ದಲಿ ಎಂದು. 2001ರಲ್ಲಿ ಆರಂಭವಾದ ವಿಕಿಪೀಡಿಯ ಬೆಳೆದದ್ದೂ ಹಾಗೆಯೇ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಅಲ್ಲಿ ಎಲ್ಲರೂ ಕೂಡಿ ಮಾತನಾಡುವ ಪುಟಕ್ಕೆ ಅರಳಿಕಟ್ಟೆ ಎಂದೇ ಹೆಸರು. ಹೊಸ ಕೈಗಳಿಲ್ಲದೆ ಇವು ಯಾವುವೂ ಬೆಳೆಯುತ್ತಿರಲಿಲ್ಲ.

ಇನ್ನು, ಮೇಲಿನ ಮೆಟ್ಟಿಲಲ್ಲಿ ನಿಂತವರೇ ಕೆಡಿಸಿದರೆ? ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಆ ಭಾಷೆಯೇ ಬಾರದ ಅಮೆರಿಕದ ಒಬ್ಬ ಹುಡುಗ ಸಾವಿರಾರು ಲೇಖನ ಬರೆದು, ಅಲ್ಲಿನ ನಿರ್ವಾಹಕನೂ ಆಗಿದ್ದ. ಲೋಕಕ್ಕೆ ಅದು ತಿಳಿದದ್ದು 2020ರಲ್ಲಿ. ಕ್ರೊಯೇಷಿಯನ್ ವಿಕಿಪೀಡಿಯವನ್ನು ನಿರ್ವಾಹಕರ ಒಂದು ಕೂಟವೇ ವರ್ಷಗಟ್ಟಲೆ ಹಿಡಿದಿಟ್ಟುಕೊಂಡು ಇತಿಹಾಸವನ್ನು ತಿರುಚಿತ್ತು ಎಂದು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ 2021ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಎರಡು ಕಡೆಯೂ ಹಾಳು ಮಾಡಿದ್ದು ದಾರಿಹೋಕರಲ್ಲ, ಹಕ್ಕು ಪಡೆದು ಕುಳಿತವರು. ಫ್ಯಾಂಡಮ್‌ನಲ್ಲಿ ಒಬ್ಬ ಬ್ಯೂರೋಕ್ರಾಟ್‌ನ ಹಕ್ಕನ್ನು ಇನ್ನೊಬ್ಬ ಬ್ಯೂರೋಕ್ರಾಟ್ ಹಿಂದಕ್ಕೆ ಪಡೆಯಲಾರ. ತಾನಾಗಿ ಬಿಡಬೇಕು, ಇಲ್ಲವೇ ತಾಣದ ಸಿಬ್ಬಂದಿ ತೆಗೆಯಬೇಕು. ಒಮ್ಮೆ ಕೊಟ್ಟರೆ ಕೊಟ್ಟ ಹಾಗೆಯೇ. ಈ ಅಪಾಯದ ಬಗ್ಗೆ ಪರ ಲೇಖನದಲ್ಲಿ ಒಂದು ಮಾತೂ ಇಲ್ಲ.

ನಮ್ಮ ಊರಿನ ಸಂಗತಿ ಹೇಳುತ್ತೇನೆ. ಗುಬ್ಬಿ ನಾಟಕ ಕಂಪನಿ ಆರಂಭವಾದದ್ದು 1884ರಲ್ಲಿ. ಅದರ ನೆರಳಿನಲ್ಲಿ ಬೆಳೆದ ಸಣ್ಣಪುಟ್ಟ ಕಂಪನಿಗಳಲ್ಲಿ ದುಡಿದವರು ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬ ಹಿರಿಯರು, ವಯಸ್ಸು ಎಂಬತ್ತು ದಾಟಿದೆ, ಒಂದು ಕಾಲದಲ್ಲಿ ಹಾಸ್ಯ ಪಾತ್ರ ಮಾಡುತ್ತಿದ್ದವರು. ನನ್ನ ವಿದ್ಯಾರ್ಥಿಯೊಬ್ಬ ಅವರ ಮೊಮ್ಮಗ. ಮೊಮ್ಮಗ ನಮ್ಮ ವಿಕಿಯ ಪುಟಗಳನ್ನು ಗಟ್ಟಿಯಾಗಿ ಓದುತ್ತಾ ಹೋದ ಹಾಗೆ ಆ ತಾತ ನಡುವೆ ತಡೆದು, “ಆ ಸೀನಿಗೆ ಹಾರ್ಮೋನಿಯಂ ಇರಲಿಲ್ಲ, ಬರಿ ತಬಲಾ” ಎಂದೋ, “ಅವನು ಆ ಕಂಪನಿ ಬಿಟ್ಟ ಮೇಲೆ ಸೇರಿದ್ದು ಬೇರೆ ಕಂಪನಿಗೆ” ಎಂದೋ ಹೇಳುತ್ತಾರೆ. ಹುಡುಗ ಅಲ್ಲಿಯೇ ‘ಸಂಪಾದಿಸಿ’ ಒತ್ತಿ ಸೇರಿಸುತ್ತಾನೆ. ಖಾತೆ ತೆರೆದಿಲ್ಲ, ತಾತನ ಮಾತು ತನ್ನ ಹೆಸರಿನಲ್ಲಿ ಬರುವುದು ಅವನಿಗೆ ಬೇಡವಂತೆ. ತಾತನಿಗೆ ಇಮೇಲ್ ಎಂದರೇನು ಎಂಬುದೇ ತಿಳಿಯದು. ಹೊಸ ನಿಯಮದಲ್ಲಿ ಇವರ ಮಾತು ಚರ್ಚೆ ಪುಟಕ್ಕೆ ಹೋಗುತ್ತದೆ. ಚರ್ಚೆ ಪುಟದಲ್ಲಿ ಬರೆದದ್ದನ್ನು ಲೇಖನಕ್ಕೆ ತರುವ ಬಿಡುವು ಯಾರಿಗಿದೆ? ನಾಲ್ಕೈದು ಜನರೇ ಇದ್ದೇವೆ ಎಂದು ಮೇಡಂ ಅವರೇ ಬರೆದಿದ್ದಾರೆ. ಆ ತಾತ ಹೇಳಿದ್ದಕ್ಕೆಲ್ಲ ಅಚ್ಚಿನ ಆಧಾರ ಸಿಗುವುದಿಲ್ಲ, ಅದು ನಿಜ. ಆದರೂ ನನಗೆ ತಿಳಿದಂತೆ ಆ ತಬಲಾದ ಮಾತು ಬೇರೆ ಎಲ್ಲಿಯೂ ಬರೆದಿಟ್ಟಿಲ್ಲ.

ಹೆಚ್ಚು ಕಿತಾಪತಿ ನಡೆಯುವ ಒಂದೆರಡು ಪುಟಗಳಿಗೆ ಸ್ವಲ್ಪ ಕಾಲ ರಕ್ಷಣೆ ಹಾಕುವುದಾದರೆ ನಾನು ಅಡ್ಡ ಬರುವುದಿಲ್ಲ. ನಿರ್ವಾಹಕರನ್ನು ಮಾಡುವುದೇ ಆದರೆ ಅವರ ಹಕ್ಕಿಗೂ ಅವಧಿ ಇರಲಿ. ವಿಕಿಪೀಡಿಯದಂಥ ವಿಕಿಗಳು ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇಂತಿಷ್ಟು ಕಾಲಕ್ಕೆಂದು ಹಕ್ಕು ಕೊಡುವ ಅನುಕೂಲ 2017ರಿಂದಲೇ ಇದೆ. ದಿನ ಮುಗಿದ ಕೂಡಲೇ ಅದು ತಾನಾಗಿ ಹೋಗುತ್ತದೆ. ಮುಂದಿನ ಸಭೆಯಲ್ಲಿ ರಕ್ಷಣೆಯ ಮಾತಿಗೆ ಮುಂಚೆ ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕು.