ಗೋಡೆ ಕೆಡಹುವ ಮೊದಲು ಮಿಸ್ರಿ ಜೇನಿನ ಬಾಗಿಲು ಹುಡುಕಿ

ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಹಳೆ ಚಿರೆಕಲ್ಲಿನ ಮನೆ, ಪಾಗಾರ ಕೆಡಹಿ ಕಾಂಕ್ರೀಟ್ ಕಟ್ಟುವ ಕೆಲಸ ಊರೂರಲ್ಲಿ ನಡೆದಿದೆ. ಆ ಕಲ್ಲಿನ ಸಂದಿಗಳಲ್ಲೇ ಮಿಸ್ರಿ ಎಂಬ ಕುಟುಕದ ಸಣ್ಣ ಜೇನು ಸಂಸಾರ ಹೂಡಿರುತ್ತದೆ. ಜೇನು ಉಳಿಸಬೇಕೆಂದು ಹೊಸ ಪೆಟ್ಟಿಗೆ ಹಂಚುವ ಮೊದಲು, ಊರಲ್ಲಿ ಈಗಾಗಲೇ ಇರುವ ಗೂಡುಗಳನ್ನು ಕಾಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಗೂಡು ಹುಡುಕುವುದು ಕಷ್ಟವಲ್ಲ. ಬಿಸಿಲು ಬಿದ್ದ ಬೆಳಿಗ್ಗೆ ಗೋಡೆಯ ಮುಂದೆ ಹತ್ತು ನಿಮಿಷ ನಿಲ್ಲಿ. ಕಂದು ಮೇಣದ ಚಿಕ್ಕ ಕೊಳವೆಯೊಂದು ಕಲ್ಲಿನಿಂದ ಹೊರಚಾಚಿರುತ್ತದೆ. ಅದರ ಬಾಯಲ್ಲಿ ನಾಲ್ಕಾರು ಹುಳಗಳು ತಲೆ ಹೊರಗಿಟ್ಟು ಕಾವಲು ಕೂತಿರುತ್ತವೆ. ಬೆರಳು ತಾಗಿಸಿದರೆ ಅಂಟುತ್ತದೆ. ಕುಟುಕುವ ಜೇನಲ್ಲ, ಹೆದರಬೇಡಿ. ಗೋಡೆ ಉಳಿಯುವುದಾದರೆ ಗಾರೆ ಮಾಡುವಾಗ ಆ ತೂತೊಂದನ್ನು ಬಿಟ್ಟರೆ ಸಾಕು, ಬೇರೇನೂ ಮಾಡಬೇಕಿಲ್ಲ.

ಕೆಡಹಲೇಬೇಕೆಂದಿದ್ದರೆ ಗೂಡು ತೆಗೆಯುವ ಕೆಲಸವನ್ನು ಮಳೆಗಾಲಕ್ಕೆ ಇಡಬೇಡಿ. ಡಿಸೆಂಬರಿನಿಂದ ಮಾರ್ಚ್ ಒಳಗೆ, ಗೇರು, ಮಾವು ಹೂ ಬಿಟ್ಟಿರುವಾಗ ಮಾಡಿದರೆ ಸಂಸಾರ ಬೇಗ ಚೇತರಿಸಿಕೊಳ್ಳುತ್ತದೆ. ಪೆಟ್ಟಿಗೆ ಒಳಗಿನಿಂದ 9 ಇಂಚು ಉದ್ದ, 5 ಇಂಚು ಅಗಲ, 4 ಇಂಚು ಎತ್ತರ ಇರಲಿ. ಹಲಗೆ ಮುಕ್ಕಾಲು ಇಂಚು ದಪ್ಪ, ಬಾಗಿಲ ತೂತು ಸುಮಾರು 1 ಸೆಂಟಿಮೀಟರ್. ಪೇಂಟ್, ವಾರ್ನಿಷ್ ಒಳಗೆ ಬೇಡವೇ ಬೇಡ.

ಕಲ್ಲನ್ನು ಒಂದೊಂದಾಗಿ ಬಿಡಿಸಿ. ಒಳಗೆ ಸಾಸಿವೆಗಿಂತ ಕೊಂಚ ದೊಡ್ಡ ಗುಳಿಗೆಗಳ ಗೊಂಚಲು ಕಾಣುತ್ತದೆ, ಅದೇ ಮರಿಗಳ ಮನೆ. ಅದನ್ನು ಇದ್ದ ದಿಕ್ಕಿನಲ್ಲೇ ಎತ್ತಿ ಇಡಬೇಕು, ತಲೆಕೆಳಗೆ ಮಾಡಲೇಬಾರದು. ಪ್ರತಿ ಗುಳಿಗೆಯಲ್ಲೂ ಮೊಟ್ಟೆ ದ್ರವ ಆಹಾರದ ಮೇಲೆ ತೇಲುತ್ತಿರುತ್ತದೆ, ತಿರುಗಿಸಿದರೆ ಮುಳುಗಿ ಸಾಯುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಉದ್ದ ಹೊಟ್ಟೆಯ ರಾಣಿ ಕಂಡರೆ ಕೈಯಲ್ಲಿ ಹಿಸುಕದೆ ಮೆಲ್ಲನೆ ಗೊಂಚಲಿನ ಪಕ್ಕ ಬಿಡಿ. ಹುಳಗಳು ಮೇಣದಲ್ಲಿ ಕಟ್ಟಿದ ಪರಾಗದ ಪುಟ್ಟ ಮಡಕೆಗಳು ಒಡೆಯದಿದ್ದರೆ ಜೊತೆಗಿಡಿ. ಒಡೆದ ಜೇನುತುಪ್ಪದ ಮಡಕೆ ಒಂದನ್ನೂ ಇಡಬೇಡಿ. ತುಪ್ಪ ಸುರಿದು ಹುಳಗಳು ಅದರಲ್ಲೇ ಅಂಟಿ ಸಾಯುತ್ತವೆ, ಗಂಟೆಯೊಳಗೆ ಇರುವೆ ಸಾಲುಗಟ್ಟುತ್ತದೆ.

ಹಳೆ ಬಾಗಿಲಿನ ಮೇಣದ ಕೊಳವೆಯನ್ನು ಕಿತ್ತು ಹೊಸ ಪೆಟ್ಟಿಗೆಯ ತೂತಿಗೆ ಅಂಟಿಸಿ. ಹೊರಗೆ ಹೋದ ಹುಳಗಳು ಅದರ ವಾಸನೆ ಹಿಡಿದೇ ಬರುತ್ತವೆ. ಕತ್ತಲಾಗುವ ತನಕ ಪೆಟ್ಟಿಗೆ ಹಳೆ ಜಾಗದಲ್ಲೇ ಇರಲಿ, ಬಾಗಿಲು ಹಳೆಯ ಎತ್ತರದಲ್ಲಿ, ಹಳೆಯ ದಿಕ್ಕಿಗೆ ಇರಬೇಕು. ಕತ್ತಲಾಗಿ ಎಲ್ಲ ಒಳಸೇರಿದ ಮೇಲೆ ಬಾಗಿಲಿಗೆ ಬಲೆ ಕಟ್ಟಿ ಬೇರೆಡೆಗೆ ಒಯ್ಯಿರಿ. ಹತ್ತಿರವೇ ಇಟ್ಟರೆ ಮರುದಿನ ಹಾರಿದ ಹುಳ ಹಳೆ ಜಾಗಕ್ಕೇ ಹೋಗಿ ಅಲೆಯುತ್ತದೆ. ಒಂದು ಕಿಲೋಮೀಟರಿಗಿಂತ ದೂರ ಒಳ್ಳೆಯದು. ಕೂಡಿದ ಅಂಚುಗಳಿಗೆಲ್ಲ ಟೇಪ್ ಸುತ್ತಿ.

ಕರಾವಳಿಯ ಮಳೆಗೆ ಪೆಟ್ಟಿಗೆಯನ್ನು ಬಯಲಲ್ಲಿ ಇಡುವಂತಿಲ್ಲ. ಮಾಡಿನ ಕೆಳಗೆ ತಂತಿಯಲ್ಲಿ ತೂಗುಹಾಕಿ, ತಂತಿಗೆ ಗ್ರೀಸ್ ಹಚ್ಚಿ. ಆಷಾಢದಲ್ಲಿ ಹುಳ ಹೊರಬೀಳದ ದಿನಗಳು ಜಾಸ್ತಿ. ಹಾಗಾಗಿ ಬೇಸಿಗೆಯಲ್ಲಿ ತುಪ್ಪ ತೆಗೆದರೂ ಅರ್ಧಕ್ಕಿಂತ ಹೆಚ್ಚು ಬಿಡಬೇಕು. ವರ್ಷಕ್ಕೆ ಕೆಲವು ನೂರು ಗ್ರಾಂ ಮಾತ್ರ ಬರುವ ಜೇನಿನಿಂದ ಇನ್ನೆಷ್ಟು ಕೀಳುವುದು?

ಗೇರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟ ಬಿದ್ದಾಗ ಹೂವಿನ ಮೇಲೆ ಔಷಧಿ ಹೊಡೆಯುವುದು ಅನಿವಾರ್ಯವಾದರೆ ಸೂರ್ಯ ಮುಳುಗಿದ ಮೇಲೆ ಹೊಡೆಯಿರಿ. ಅಕ್ಕಪಕ್ಕದ ಪೆಟ್ಟಿಗೆಯವರಿಗೆ ಹಿಂದಿನ ದಿನವೇ ಹೇಳಿ. ಪಂಚಾಯತಿಯವರು, ಶಾಲೆ, ದೇವಸ್ಥಾನದವರು ಹಳೆ ಕಟ್ಟಡ ಕೆಡಹುವ ಮುನ್ನ ಗೂಡು ಇದೆಯೇ ಎಂದು ನೋಡಿಸಿ, ಗುತ್ತಿಗೆದಾರರಿಗೂ ತಿಳಿಸಿ. ಜೆಸಿಬಿ ಬರುವ ಹಿಂದಿನ ವಾರವೇ ಇದಾಗಬೇಕು.